ಶುಗರ್ ಮಾತ್ರೆಯ ಪಕ್ಕದಲ್ಲಿರುವ ವಿಟಮಿನ್ ಡಬ್ಬಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು 60 ದಾಟಿದವರದ್ದು, ಇಲ್ಲವೇ ಅವರ ಮಕ್ಕಳದ್ದು. ಎಲ್ಲದರಲ್ಲೂ ಶುಗರ್‌ನ ಮಾತಿದೆ, ಜೊತೆಗೆ ಒಂದಲ್ಲ ಒಂದು ವಿಟಮಿನ್ ಮಾತ್ರೆಯ ಮಾತಿದೆ. ಐದು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಮೊದಲ ಎರಡರ ಉತ್ತರ ಉದ್ದವಾಗಿದೆ. ಆ ಎರಡು ತೊಂದರೆಗಳನ್ನು ಕ್ಲಿನಿಕ್‌ನಲ್ಲಿ ಪದೇ ಪದೇ ನೋಡುತ್ತೇನೆ. ಬೇಗ ಗೊತ್ತಾದರೆ ಎರಡಕ್ಕೂ ದಾರಿಯಿದೆ.

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರ. ನನಗೆ 71 ವರ್ಷ, ನಿವೃತ್ತ ಮೇಷ್ಟ್ರು. ಶುಗರ್ ಬಂದು 13 ವರ್ಷವಾಯಿತು. ಮೆಟ್‌ಫಾರ್ಮಿನ್ 1000 ಮಿಲಿಗ್ರಾಂ ದಿನಕ್ಕೆ ಎರಡು ಸಲ ತಗೊಳ್ಳುತ್ತೇನೆ. ಎದೆಯುರಿಗೆ ಬೆಳಿಗ್ಗೆ ಪ್ಯಾಂಟೊಪ್ರಜೋಲ್ ಇದೆ. ಒಂದು ವರ್ಷದಿಂದ ಅಂಗಾಲು ಜೋಮು ಹಿಡಿಯುತ್ತದೆ, ರಾತ್ರಿ ಉರಿ. ಶುಗರ್ ಇದ್ದವರಿಗೆ ಇದೆಲ್ಲ ಇದ್ದದ್ದೇ ಅನ್ನುತ್ತಾರೆ. ಈಗ ಅಳಿಯಂದಿರು ಮಲ್ಟಿವಿಟಮಿನ್, ಬಿ ಕಾಂಪ್ಲೆಕ್ಸ್, ಕ್ರೋಮಿಯಂ, ಮೆಗ್ನೀಸಿಯಂ ತಂದುಕೊಟ್ಟಿದ್ದಾರೆ. ಇನ್ನೂ ಶುರು ಮಾಡಿಲ್ಲ. ಇವುಗಳಿಂದ ಶುಗರ್ ಇಳಿಯುತ್ತದೆಯೇ? ಇಳಿದರೆ ಮೆಟ್‌ಫಾರ್ಮಿನ್ ಕಡಿಮೆ ಮಾಡಬಹುದೇ?

ಉತ್ತರ: ಮೇಷ್ಟ್ರೇ, ಮೆಟ್‌ಫಾರ್ಮಿನ್ ಕಡಿಮೆ ಮಾಡಬೇಡಿ. ಆ ನಾಲ್ಕು ಡಬ್ಬಿಗಳಲ್ಲಿ ಯಾವುದೂ ಅದರ ಕೆಲಸ ಮಾಡುವುದಿಲ್ಲ. ಅಳಿಯಂದಿರ ಕಾಳಜಿ ದೊಡ್ಡದು, ಅದು ನನಗೆ ಅರ್ಥವಾಗುತ್ತದೆ. ಆದರೆ ನಿಮ್ಮ ಪತ್ರ ಓದುವಾಗ ನನಗೆ ಚಿಂತೆ ಹುಟ್ಟಿಸಿದ್ದು ನಿಮ್ಮ ಅಂಗಾಲಿನ ಜೋಮು.

ಇಷ್ಟು ವರ್ಷ ಶುಗರ್ ಇದ್ದವರಿಗೆ ಕಾಲು ಜೋಮು ಹಿಡಿದರೆ, ಶುಗರ್‌ನಿಂದಲೇ ನರ ಹಾಳಾಗಿದೆ ಎಂದು ಹೇಳಿಬಿಡುತ್ತಾರೆ. ಬಹಳ ಸಲ ಅದು ನಿಜ. ಆದರೆ ವಿಟಮಿನ್ ಬಿ12 ಕಡಿಮೆಯಾದಾಗಲೂ ಕಾಲು ಹೀಗೇ ಜೋಮು ಹಿಡಿಯುತ್ತದೆ, ಹೀಗೇ ಉರಿಯುತ್ತದೆ. ಲಕ್ಷಣ ಕೇಳಿ ಇದು ಅದೋ ಇದೋ ಹೇಳುವುದು ಕಷ್ಟ. ಮತ್ತು ನಿಮ್ಮ ವಿಷಯದಲ್ಲಿ ಬಿ12 ಕಡಿಮೆಯಾಗಲು ಮೂರು ಕಾರಣಗಳು ಒಟ್ಟಿಗೇ ಇವೆ: ವಯಸ್ಸು, ಎದೆಯುರಿಯ ಮಾತ್ರೆ, ಮೆಟ್‌ಫಾರ್ಮಿನ್.

ಆಹಾರದಲ್ಲಿರುವ ಬಿ12 ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಲು ಹೊಟ್ಟೆಯ ಆಮ್ಲ ಬೇಕು. ವಯಸ್ಸಾದಂತೆ ಬಹಳ ಜನರಿಗೆ ಈ ಆಮ್ಲ ತಾನಾಗಿಯೇ ಕಡಿಮೆಯಾಗುತ್ತದೆ. ಪ್ಯಾಂಟೊಪ್ರಜೋಲ್‌ನ ಕೆಲಸವೇ ಆಮ್ಲ ತಗ್ಗಿಸುವುದು. ಆಮೇಲೆ ಬಿ12 ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಮೈಗೆ ಸೇರಬೇಕು. ಮೆಟ್‌ಫಾರ್ಮಿನ್ ಅಲ್ಲಿ ಅಡ್ಡಿ ಮಾಡುತ್ತದೆ. ಲಿವರ್‌ನಲ್ಲಿ ವರ್ಷಗಟ್ಟಲೆಗೆ ಸಾಕಾಗುವಷ್ಟು ಬಿ12 ದಾಸ್ತಾನು ಇರುವುದರಿಂದ ಶುರುವಿನಲ್ಲಿ ಏನೂ ಗೊತ್ತಾಗುವುದಿಲ್ಲ. ದಾಸ್ತಾನು ಖಾಲಿಯಾಗುವ ಹೊತ್ತಿಗೆ, ಇಷ್ಟು ವರ್ಷದಿಂದ ಏನೂ ಮಾಡದ ಮಾತ್ರೆ ಈಗ ಯಾಕೆ ಮಾಡೀತು ಅನ್ನಿಸುತ್ತದೆ.

ಅಮೆರಿಕದ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ ಎಂಬ ದೊಡ್ಡ ಅಧ್ಯಯನದಲ್ಲಿ ಮೆಟ್‌ಫಾರ್ಮಿನ್ ತಗೊಂಡವರನ್ನು ಬಹಳ ವರ್ಷ ಗಮನಿಸಿದರು. ಮಾತ್ರೆ ತಗೊಂಡ ವರ್ಷಗಳು ಹೆಚ್ಚಿದಂತೆ ಬಿ12 ಕೊರತೆಯೂ ಹೆಚ್ಚಿದ್ದು 2016ರ ವರದಿಯಲ್ಲಿ ಇದೆ. 2022ರಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ ಇದನ್ನು ಮೆಟ್‌ಫಾರ್ಮಿನ್‌ನ ಸಾಮಾನ್ಯ ಅಡ್ಡಪರಿಣಾಮ ಎಂದೇ ಡಾಕ್ಟರುಗಳಿಗೆ ತಿಳಿಸಿತು. ಹಾಗಂತ ಮೆಟ್‌ಫಾರ್ಮಿನ್ ಕೆಟ್ಟ ಮಾತ್ರೆ ಅಂದುಕೊಳ್ಳಬೇಡಿ. ಅದು ಒಳ್ಳೆಯ ಮಾತ್ರೆ. ಅದನ್ನು ತಗೊಳ್ಳುವವರ ಬಿ12 ಆಗಾಗ ನೋಡಬೇಕು, ಅಷ್ಟೇ.

ನನ್ನ ಮೇಜಿನ ಮೇಲೆ ಸದಾ ಒಂದು ಟ್ಯೂನಿಂಗ್ ಫೋರ್ಕ್ ಇರುತ್ತದೆ, ಸೆಕೆಂಡಿಗೆ 128 ಸಲ ಕಂಪಿಸುವಂಥದ್ದು. ಅದನ್ನು ತಟ್ಟಿ ಕಾಲಿನ ಹೆಬ್ಬೆರಳ ಮೂಳೆಯ ಮೇಲೆ ಇಡುತ್ತೇನೆ. ಕಣ್ಣು ಮುಚ್ಚಿಕೊಳ್ಳಿ, ನಡುಕ ನಿಂತಾಗ ಹೇಳಿ ಅನ್ನುತ್ತೇನೆ. ಕೆಲವರು ಇಟ್ಟ ಕೂಡಲೇ ನಿಂತಿತು ಅನ್ನುತ್ತಾರೆ. ನನ್ನ ಬೆರಳಿಗೆ ಅದು ಇನ್ನೂ ಚೆನ್ನಾಗಿ ನಡುಗುತ್ತಿರುವುದು ಗೊತ್ತಾಗುತ್ತಿರುತ್ತದೆ. ಅಂಥವರು ಕತ್ತಲಲ್ಲಿ ನಡೆಯುವಾಗ ತೂರಾಡುತ್ತಾರೆ, ಚಪ್ಪಲಿ ಕಾಲಿನಿಂದ ಜಾರಿದ್ದೂ ತಿಳಿಯುವುದಿಲ್ಲ. ಈ ಪರೀಕ್ಷೆಗೆ ಒಂದು ನಿಮಿಷವೂ ಬೇಡ. ನಿಮ್ಮ ಡಾಕ್ಟರಿಗೆ ಕೇಳಿ ಮಾಡಿಸಿಕೊಳ್ಳಿ. ನರಕ್ಕೆ ಏಟು ಬಿದ್ದಿದೆ ಎಂದು ಇದು ಹೇಳುತ್ತದೆ. ಯಾಕೆ ಬಿತ್ತು ಎಂದು ತಿಳಿಯಲು ರಕ್ತ ಪರೀಕ್ಷೆ ಬೇಕು.

ಆ ರಕ್ತ ಕೊಡುವವರೆಗೆ ಮಲ್ಟಿವಿಟಮಿನ್, ಬಿ ಕಾಂಪ್ಲೆಕ್ಸ್ ಎರಡನ್ನೂ ತೆರೆಯಬೇಡಿ. ಮಾತ್ರೆ ಶುರುವಾದ ಮೇಲೆ ರಕ್ತದಲ್ಲಿ ಬಿ12 ಏರಿಬಿಡುತ್ತದೆ, ನಿಜವಾದ ಕೊರತೆ ಎಷ್ಟಿತ್ತು ಎಂದು ಆಮೇಲೆ ಹೇಳಲಾಗದು. ರಿಪೋರ್ಟಿನಲ್ಲಿ ಒಂದು ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ಕೊರತೆ ಎನ್ನುತ್ತೇವೆ. 200ರಿಂದ 300ರ ಒಳಗಿದ್ದರೆ ಅನುಮಾನ. ಆಗ ಮೀಥೈಲ್ ಮಲೋನಿಕ್ ಆ್ಯಸಿಡ್ ಎಂಬ ಇನ್ನೊಂದು ಪರೀಕ್ಷೆ ನೆರವಿಗೆ ಬರುತ್ತದೆ. ಲ್ಯಾಬಿನವರು ಪಕ್ಕದಲ್ಲಿ ನಾರ್ಮಲ್ ಎಂದು ಬರೆದಿದ್ದಾರೆ ಎಂಬ ಒಂದೇ ಕಾರಣಕ್ಕೆ ಬಿಟ್ಟುಬಿಡಬೇಡಿ.

ಕೊರತೆ ಇದ್ದರೆ ಮಲ್ಟಿವಿಟಮಿನ್‌ನಲ್ಲಿರುವ ಚೂರುಪಾರು ಬಿ12 ಸಾಲದು. ದೇಹಕ್ಕೆ ದಿನಕ್ಕೆ ಬೇಕಾದ್ದು 2.4 ಮೈಕ್ರೋಗ್ರಾಂ ಮಾತ್ರ. ಆದರೂ ನಾವು 1000 ಮೈಕ್ರೋಗ್ರಾಂ ಮಾತ್ರೆ ಬರೆಯುತ್ತೇವೆ. ಮಾಮೂಲಿ ದಾರಿ ಮುಚ್ಚಿದ್ದರೂ ಅಷ್ಟರಲ್ಲಿ ನೂರಕ್ಕೆ ಒಂದು ಪಾಲು ಹೇಗೋ ಒಳಗೆ ಸೇರುತ್ತದೆ, ಆ ಒಂದು ಪಾಲೇ ಸಾಕು. ಕಾಲು ಜೋಮು ಹಿಡಿಯುವ ಮಟ್ಟಕ್ಕೆ ಹೋಗಿದ್ದರೆ ಇಂಜೆಕ್ಷನ್‌ನಿಂದ ಶುರು ಮಾಡುವುದೇ ರೂಢಿ. ತಡವಾದಷ್ಟೂ ನರ ಪೂರ್ತಿ ಚೇತರಿಸಿಕೊಳ್ಳುವುದು ಕಷ್ಟ. ಈ ಪತ್ರಿಕೆ ಕೈಗೆ ಬಂದ ವಾರದಲ್ಲೇ ರಕ್ತ ಕೊಡಿ.

ಬಿ ಕಾಂಪ್ಲೆಕ್ಸ್ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನೂ ಓದಿ. ಅದರಲ್ಲಿ ಫೋಲಿಕ್ ಆ್ಯಸಿಡ್ ಜಾಸ್ತಿ ಇದ್ದು ಬಿ12 ಸಾಕಷ್ಟು ಇಲ್ಲದಿದ್ದರೆ ಹಿಮೋಗ್ಲೋಬಿನ್ ಸರಿಯಾಗುತ್ತದೆ, ಮುಖದಲ್ಲಿ ಕಳೆ ಬರುತ್ತದೆ, ಒಳಗೆ ನರ ಮಾತ್ರ ಹಾಳಾಗುತ್ತಲೇ ಇರುತ್ತದೆ. ಪಿರಿಡಾಕ್ಸಿನ್, ಅಂದರೆ ಬಿ6, ಎಷ್ಟಿದೆ ಎಂದೂ ನೋಡಿ. ನರಕ್ಕೆ ಒಳ್ಳೆಯದು ಎಂದು ಬರುವ ಕೆಲವು ಮಾತ್ರೆಗಳಲ್ಲಿ ಅದು 100 ಮಿಲಿಗ್ರಾಂ ಇರುತ್ತದೆ. ದಿನಕ್ಕೆ ಬೇಕಾದ್ದು 2 ಮಿಲಿಗ್ರಾಂಗೂ ಕಡಿಮೆ. ಹೆಚ್ಚು ಪ್ರಮಾಣದ ಬಿ6 ಅನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ತಗೊಂಡರೆ ಅದೇ ಕಾಲು ಜೋಮು ಹಿಡಿಸುತ್ತದೆ. ಜೋಮು ಹೋಗಲಿ ಎಂದು ತಗೊಂಡ ಮಾತ್ರೆಯಿಂದಲೇ ಜೋಮು ಹೆಚ್ಚಿ, ಅದಕ್ಕೆ ಇನ್ನೊಂದು ಮಾತ್ರೆ ಸೇರಿಸಿಕೊಂಡವರನ್ನು ನೋಡಿದ್ದೇನೆ. ಬಹಳ ಸಂಕಟವಾಗುತ್ತದೆ.

ಕ್ರೋಮಿಯಂ ಬೇಡ. ಅದಕ್ಕೂ ಇನ್ಸುಲಿನ್‌ಗೂ ನಂಟಿದೆ ಎಂಬ ಮಾತಿಗೆ 1970ರ ದಶಕದಲ್ಲಿ ಬಲ ಬಂತು. ಬಾಯಿಂದ ಏನೂ ತಿನ್ನಲಾಗದೆ ರಕ್ತನಾಳದ ಮೂಲಕವೇ ಆಹಾರ ಪಡೆಯುತ್ತಿದ್ದ ಕೆಲವರಿಗೆ ಕ್ರೋಮಿಯಂ ಇಲ್ಲದೆ ಶುಗರ್ ಏರಿತ್ತು, ಕೊಟ್ಟ ಮೇಲೆ ಇಳಿಯಿತು. ಮಾಮೂಲಾಗಿ ಊಟ ಮಾಡುವವರಲ್ಲಿ ಅಂಥ ಲಾಭ ಗಟ್ಟಿಯಾಗಿ ಕಂಡಿಲ್ಲ. ಜಾಸ್ತಿ ತಗೊಂಡವರಲ್ಲಿ ಕಿಡ್ನಿಗೆ ತೊಂದರೆಯಾದ ಉದಾಹರಣೆಗಳಿವೆ.

ಮೆಗ್ನೀಸಿಯಂ ವಿಷಯ ಬೇರೆ. ಶುಗರ್ ಹೆಚ್ಚಿದ್ದಾಗ ಅದು ಮೂತ್ರದಲ್ಲಿ ಹೊರಟುಹೋಗುತ್ತದೆ. ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಗಳನ್ನು ಬಹಳ ಕಾಲ ತಗೊಂಡರೂ ಕಡಿಮೆಯಾಗುತ್ತದೆ. ಹಾಗಾಗಿ ಬಿ12 ಜೊತೆಗೆ ಮೆಗ್ನೀಸಿಯಂ ಮತ್ತು ಕಿಡ್ನಿ ಹೇಗಿದೆ ಎಂದು ಹೇಳುವ ಕ್ರಿಯಾಟಿನಿನ್ ಪರೀಕ್ಷೆ ಕೂಡ ಮಾಡಿಸಿ. ಕಡಿಮೆ ಇದ್ದು ಕಿಡ್ನಿ ಚೆನ್ನಾಗಿದ್ದರೆ ಆ ಡಬ್ಬಿ ಉಪಯೋಗಕ್ಕೆ ಬಂದೀತು. ಕಿಡ್ನಿ ಸೋತಿದ್ದರೆ ಅದು ಹೊರಗೆ ಹೋಗದೆ ರಕ್ತದಲ್ಲೇ ಉಳಿಯುತ್ತದೆ, ಅಪಾಯ. ಎದೆಯುರಿಯ ಮಾತ್ರೆ ಈಗಲೂ ಬೇಕೇ ಎಂದು ಕೇಳುವುದನ್ನೂ ಮರೆಯಬೇಡಿ. ಯಾವಾಗಲೋ ಶುರುವಾಗಿ, ನಿಲ್ಲಿಸುವುದನ್ನೇ ಎಲ್ಲರೂ ಮರೆತ ಮಾತ್ರೆ ಅದಾಗಿರಬಹುದು.

ಪ್ರಶ್ನೆ: ಡಾಕ್ಟರ್, ನಮ್ಮ ಅಮ್ಮನಿಗೆ 76 ವರ್ಷ. ಮೂರು ತಿಂಗಳ ಸರಾಸರಿ ಶುಗರ್ 7.0 ಇದ್ದದ್ದು ಈ ಸಲ 8.1 ಬಂದಿದೆ. ಮನೆಯಲ್ಲಿ ಬೆರಳು ಚುಚ್ಚಿ ನೋಡಿದರೆ ಮೊದಲಿನ ಹಾಗೇ ಇದೆ, ಏರಿಲ್ಲ. ಊಟದಲ್ಲೂ ವ್ಯತ್ಯಾಸವಿಲ್ಲ. ಸುಸ್ತು ಜಾಸ್ತಿ. ಹಿಮೋಗ್ಲೋಬಿನ್ 9.2, ಫೆರಿಟಿನ್ 8. ಕಬ್ಬಿಣದ ಮಾತ್ರೆ ಜೊತೆಗೆ ವಿಟಮಿನ್ ಸಿ 500 ಮಿಲಿಗ್ರಾಂ ದಿನಕ್ಕೆ ಎರಡು ಸಲ ಕೊಟ್ಟಿದ್ದಾರೆ. ಶುಗರ್ ಮಾತ್ರೆಯನ್ನೂ ಹೆಚ್ಚಿಸಬೇಕು ಅಂದಿದ್ದಾರೆ. ನನಗೆ ಯಾಕೋ ಭಯ.

ಉತ್ತರ: ನಿಮ್ಮ ಭಯಕ್ಕೆ ಅರ್ಥವಿದೆ ಕಣಮ್ಮಾ. ಮನೆಯ ಮೀಟರ್ ಒಂದು ಹೇಳುತ್ತಿದೆ, ಲ್ಯಾಬ್ ಇನ್ನೊಂದು ಹೇಳುತ್ತಿದೆ. ನಡುವೆ ಇರುವುದು ಅಮ್ಮನ ರಕ್ತಹೀನತೆ.

ಮೂರು ತಿಂಗಳ ಸರಾಸರಿ ಎಂದು ನಾವು ಕರೆಯುವ ಎಚ್‌ಬಿಎ1ಸಿ ಪರೀಕ್ಷೆ ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿದೆ ಎಂದು ನೋಡುತ್ತದೆ. ಒಂದು ಕಣ ಸುಮಾರು 120 ದಿನ ಬದುಕುತ್ತದೆ. ಪಾಕದಲ್ಲಿ ಹೆಚ್ಚು ಹೊತ್ತು ನೆನೆದದ್ದಕ್ಕೆ ಹೆಚ್ಚು ಸಿಹಿ ಹಿಡಿಯುವ ಹಾಗೆ, ಹಳೆಯ ಕಣಕ್ಕೆ ಹೆಚ್ಚು ಸಕ್ಕರೆ ಅಂಟಿರುತ್ತದೆ. ಕಬ್ಬಿಣ ಕಡಿಮೆಯಾದಾಗ ಹೊಸ ಕಣಗಳ ಹುಟ್ಟು ನಿಧಾನವಾಗುತ್ತದೆ. ರಕ್ತದಲ್ಲಿ ಹಳೆಯವೇ ಜಾಸ್ತಿ ಉಳಿಯುತ್ತವೆ. ಆಗ ಶುಗರ್ ನಿಜವಾಗಿ ಏರದಿದ್ದರೂ ರಿಪೋರ್ಟಿನ ಅಂಕಿ ಏರುತ್ತದೆ. ಬಿ12 ಅಥವಾ ಫೋಲಿಕ್ ಆ್ಯಸಿಡ್ ಕೊರತೆಯಲ್ಲೂ ಹೀಗಾಗಬಹುದು.

ಈಗ ಕಬ್ಬಿಣದ ಮಾತ್ರೆ ಶುರುವಾಗಿದೆ. ಕೆಲವೇ ವಾರಗಳಲ್ಲಿ ಎಳೆಯ ಕಣಗಳು ತುಂಬಿಕೊಳ್ಳುತ್ತವೆ. ಅವುಗಳಿಗೆ ಸಕ್ಕರೆ ಅಂಟಲು ಸಮಯವೇ ಆಗಿರುವುದಿಲ್ಲ. ಎಚ್‌ಬಿಎ1ಸಿ ತಾನಾಗಿಯೇ ಇಳಿಯುತ್ತದೆ. ಅದೇ ಹೊತ್ತಿಗೆ ಶುಗರ್ ಮಾತ್ರೆಯನ್ನೂ ಹೆಚ್ಚಿಸಿದ್ದರೆ, ಮಾತ್ರೆ ಚೆನ್ನಾಗಿ ಕೆಲಸ ಮಾಡಿತು ಎಂದು ಎಲ್ಲರೂ ಖುಷಿಪಡುತ್ತಾರೆ. ಆದರೆ ಅಮ್ಮನ ರಕ್ತದಲ್ಲಿ ಸಕ್ಕರೆ ಬೇಕಾದ್ದಕ್ಕಿಂತ ಕೆಳಗೆ ಹೋಗುತ್ತಿರಬಹುದು. 76ರ ವಯಸ್ಸಿನಲ್ಲಿ ಶುಗರ್ ಸ್ವಲ್ಪ ಹೆಚ್ಚಿರುವುದಕ್ಕಿಂತ ತೀರಾ ಇಳಿಯುವುದಕ್ಕೆ ನಾನು ಹೆಚ್ಚು ಹೆದರುತ್ತೇನೆ. ರಾತ್ರಿ ಬಾತ್‌ರೂಮಿಗೆ ಎದ್ದಾಗ ತಲೆಸುತ್ತಿ ಬಿದ್ದರೆ ಸೊಂಟದ ಮೂಳೆ ಮುರಿಯುತ್ತದೆ.

ಹಾಗಾಗಿ ಡಾಕ್ಟರ ಬಳಿ ಮನೆಯ ಮೀಟರಿನ ಪುಸ್ತಕವನ್ನೂ ಹಿಮೋಗ್ಲೋಬಿನ್ ರಿಪೋರ್ಟನ್ನೂ ಒಟ್ಟಿಗೆ ಇಡಿ. ರಕ್ತಹೀನತೆ ಸರಿಯಾಗುವವರೆಗೆ ಎಚ್‌ಬಿಎ1ಸಿ ಬದಲು ಖಾಲಿ ಹೊಟ್ಟೆಯ ಮತ್ತು ಊಟದ ನಂತರದ ಅಂಕಿಗಳನ್ನು ನಂಬಬಹುದೇ ಎಂದು ಕೇಳಿ. ಫ್ರಕ್ಟೋಸಮೀನ್ ಎಂಬ ಪರೀಕ್ಷೆಯೂ ಇದೆ. ಅದು ಕಳೆದ ಎರಡು ಮೂರು ವಾರಗಳ ಶುಗರ್ ಹೇಳುತ್ತದೆ, ರಕ್ತಕಣದ ವಯಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ಇಷ್ಟು ಕೇಳಿದರೆ ಯಾವ ಒಳ್ಳೆಯ ಡಾಕ್ಟರೂ ಬೇಸರ ಮಾಡಿಕೊಳ್ಳುವುದಿಲ್ಲ.

ಮೀಟರಿನ ಬಗ್ಗೆಯೂ ಒಂದು ಮಾತು. ಸ್ಟ್ರಿಪ್‌ನಲ್ಲಿ ಸಕ್ಕರೆಯಿಂದ ಹುಟ್ಟುವ ಸಣ್ಣ ವಿದ್ಯುತ್ತನ್ನು ಮೀಟರ್ ಅಳೆಯುತ್ತದೆ. ರಕ್ತದಲ್ಲಿ ವಿಟಮಿನ್ ಸಿ ತುಂಬ ಇದ್ದರೆ ಅದೂ ಹಾಗೇ ವಿದ್ಯುತ್ ಹುಟ್ಟಿಸುತ್ತದೆ, ಕೆಲವು ಮೀಟರುಗಳು ಅದನ್ನೂ ಸಕ್ಕರೆ ಎಂದೇ ಎಣಿಸುತ್ತವೆ. ತೋಳಿಗೆ ಅಂಟಿಸುವ ಕೆಲವು ಸೆನ್ಸರ್‌ಗಳ ಜೊತೆ ಬರುವ ಸೂಚನೆಯಲ್ಲಿ, ದಿನಕ್ಕೆ 500 ಮಿಲಿಗ್ರಾಂಗಿಂತ ಹೆಚ್ಚು ವಿಟಮಿನ್ ಸಿ ತಗೊಂಡರೆ ಅಂಕಿ ಸುಳ್ಳಾಗಿ ಏರಬಹುದು ಎಂದು ಬರೆದಿರುತ್ತಾರೆ. ಅಮ್ಮನಿಗೆ 1000 ಆಗುತ್ತಿದೆ. ಸೆನ್ಸರ್ ಹಾಕಿಸುವ ಯೋಚನೆ ಇದ್ದರೆ ಮೊದಲೇ ತಿಳಿಸಿ. ಕಬ್ಬಿಣದ ಮಾತ್ರೆಗೆ ವಿಟಮಿನ್ ಸಿ ಜೊತೆಯಿಲ್ಲದಿದ್ದರೂ ನಡೆಯುತ್ತದೆ. ಥೈರಾಯ್ಡ್ ಮಾತ್ರೆ ಇದ್ದರೆ ಮಾತ್ರ ಕಬ್ಬಿಣಕ್ಕೂ ಅದಕ್ಕೂ ನಡುವೆ 4 ಗಂಟೆ ಬಿಡಿ.

ಇಷ್ಟೆಲ್ಲದಕ್ಕಿಂತ ಮುಖ್ಯವಾದದ್ದು ಒಂದಿದೆ. ಅಮ್ಮನ ಕಬ್ಬಿಣ ಎಲ್ಲಿಗೆ ಹೋಯಿತು? ಈ ವಯಸ್ಸಿನಲ್ಲಿ ಫೆರಿಟಿನ್, ಅಂದರೆ ಮೈಯಲ್ಲಿರುವ ಕಬ್ಬಿಣದ ದಾಸ್ತಾನಿನ ಅಳತೆ, 8ಕ್ಕೆ ಇಳಿದಿದ್ದರೆ ಹೊಟ್ಟೆಯಲ್ಲೋ ಕರುಳಿನಲ್ಲೋ ರಕ್ತ ಸೋರುತ್ತಿದೆಯೇ ಎಂದು ನೋಡಲೇಬೇಕು. ಆ್ಯಸ್ಪಿರಿನ್ ಅಥವಾ ಮಂಡಿನೋವಿನ ಮಾತ್ರೆ ತಗೊಳ್ಳುತ್ತಾರಾ? ಮಲ ಕಪ್ಪಾಗುತ್ತಿತ್ತಾ, ಅದೂ ಕಬ್ಬಿಣದ ಮಾತ್ರೆ ಶುರುವಾಗುವ ಮೊದಲು? ತೂಕ ಇಳಿದಿದೆಯಾ? ಹಿಮೋಗ್ಲೋಬಿನ್ ಏರಿತು ಎಂದು ಈ ಹುಡುಕಾಟವನ್ನು ಬಿಟ್ಟುಬಿಡಬೇಡಿ.

ಪ್ರಶ್ನೆ: ನನಗೆ 68. ಶುಗರ್ ಇನ್ನೂ ಬಂದಿಲ್ಲ, ಅಂಚಿನಲ್ಲಿದೆ, 6.1. ವಿಟಮಿನ್ ಡಿ ತಗೊಂಡರೆ ಶುಗರ್ ಬರುವುದಿಲ್ಲ ಎಂದು ಕೇಳಿ 60,000 ಯೂನಿಟ್‌ನ ಮಾತ್ರೆಯನ್ನು ಎರಡು ತಿಂಗಳಿಂದ ದಿನಾ ತಗೊಳ್ಳುತ್ತಿದ್ದೇನೆ. ಈಗ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ. ಶುಗರ್ ಬಂದೇ ಬಿಟ್ಟಿತಾ?

ಉತ್ತರ: ಇವತ್ತೇ ನಿಲ್ಲಿಸಿ. ಇವತ್ತೇ, ತಪ್ಪಿದರೆ ನಾಳೆ, ರಕ್ತದ ಕ್ಯಾಲ್ಸಿಯಂ, ಕ್ರಿಯಾಟಿನಿನ್ ಮತ್ತು ಶುಗರ್ ಮಾಡಿಸಿ ಡಾಕ್ಟರಿಗೆ ತೋರಿಸಿ. 60,000 ಯೂನಿಟ್‌ನ ಮಾತ್ರೆಯನ್ನು ಸಾಮಾನ್ಯವಾಗಿ ವಾರಕ್ಕೊಂದರಂತೆ, ಅದೂ ಕೆಲವು ವಾರಗಳ ಮಟ್ಟಿಗೆ ಬರೆಯುತ್ತಾರೆ. ದಿನಾ ತಗೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಆಗಲೂ ಬಾಯಾರಿಕೆ, ಅತಿಮೂತ್ರ ಬರುತ್ತವೆ, ಥೇಟ್ ಶುಗರ್ ಏರಿದ ಹಾಗೆ. ಮಲಬದ್ಧತೆಯೂ ಸೇರಿರುವುದರಿಂದ ನನ್ನ ಅನುಮಾನ ಕ್ಯಾಲ್ಸಿಯಂ ಮೇಲೆ. ಮಂಕು ಕವಿದರೆ, ವಾಂತಿಯಾದರೆ ಕಾಯದೆ ಆಸ್ಪತ್ರೆಗೆ ಹೋಗಿ. ವಿಟಮಿನ್ ಡಿ ಕೊಬ್ಬಿನಲ್ಲಿ ಸೇರಿಕೊಂಡಿರುತ್ತದೆ, ಮಾತ್ರೆ ನಿಲ್ಲಿಸಿದ ಮೇಲೂ ಇಳಿಯಲು ವಾರಗಳು, ತಿಂಗಳುಗಳೇ ಬೇಕು. ಹಾಗಾಗಿ ಒಂದು ಸಲ ನೋಡಿ ಬಿಡುವಂತಿಲ್ಲ. ಕ್ಯಾಲ್ಸಿಯಂ ಮಾತ್ರೆ ಇದ್ದರೆ ಅದನ್ನೂ ನಿಲ್ಲಿಸಿ.

ಇನ್ನು ನೀವು ಕೇಳಿದ ಸುದ್ದಿ. ಅದು ಪೂರ್ತಿ ಸುಳ್ಳಲ್ಲ, ಆದರೆ ಬಹಳ ಉಬ್ಬಿಸಿದ್ದು. ಡಿ2ಡಿ ಎಂಬ ಪ್ರಯೋಗದ ಫಲ 2019ರಲ್ಲಿ ಬಂತು. ನಿಮ್ಮ ಹಾಗೆ ಅಂಚಿನಲ್ಲಿದ್ದ 2,423 ಜನರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ 4,000 ಯೂನಿಟ್ ಕೊಟ್ಟರು, ಉಳಿದವರಿಗೆ ಬರೀ ತೋರಿಕೆಯ ಮಾತ್ರೆ. ಡಿ ತಗೊಂಡವರಲ್ಲಿ 293 ಜನಕ್ಕೆ, ತಗೊಳ್ಳದವರಲ್ಲಿ 323 ಜನಕ್ಕೆ ಶುಗರ್ ಬಂತು. ಇಷ್ಟು ಸಣ್ಣ ಅಂತರವನ್ನು ಲಾಭ ಎಂದು ಖಚಿತವಾಗಿ ಹೇಳಲಾಗದು. ಆಮೇಲೆ ಇಂಥ ಪ್ರಯೋಗಗಳನ್ನೆಲ್ಲ ಸೇರಿಸಿ ನೋಡಿದಾಗ ಸ್ವಲ್ಪ ಲಾಭ ಕಂಡದ್ದರಿಂದ, ಅಂಚಿನಲ್ಲಿರುವವರಿಗೆ ಕೊಡಬಹುದು ಎಂದು 2024ರಲ್ಲಿ ಅಮೆರಿಕದ ಎಂಡೊಕ್ರೈನ್ ಸೊಸೈಟಿ ಸೂಚಿಸಿದೆ. ಅದು ಹೇಳುವುದು ದಿನದ ಮಿತವಾದ ಪ್ರಮಾಣದ ಮಾತು, ಊಟ ಮತ್ತು ನಡಿಗೆಯ ಜೊತೆಗೆ. ನೀವು ತಗೊಂಡದ್ದು ಡಿ2ಡಿಯಲ್ಲಿ ಕೊಟ್ಟದ್ದರ 15 ಪಟ್ಟು.

ಪ್ರಶ್ನೆ: ವಯಸ್ಸಾದವರಿಗೆಂದೇ ಬರುವ ಮಲ್ಟಿವಿಟಮಿನ್ ಶುಗರ್ ಏರಿಸುತ್ತದಾ?

ಉತ್ತರ: ದಿನಕ್ಕೆ ಬೇಕಾದಷ್ಟೇ ಪ್ರಮಾಣ ಇರುವ ಮಾಮೂಲಿ ಮಾತ್ರೆ ಏರಿಸುವುದಿಲ್ಲ, ಇಳಿಸುವುದೂ ಇಲ್ಲ. ಎರಡನ್ನು ಮಾತ್ರ ಗಮನಿಸಿ. ನಯಾಸಿನ್, ಅಂದರೆ ಬಿ3, ಗ್ರಾಂ ಲೆಕ್ಕದಲ್ಲಿ ತಗೊಂಡರೆ ಶುಗರ್ ಏರುತ್ತದೆ. ಕೊಲೆಸ್ಟರಾಲ್‌ಗೆಂದು ದಿನಕ್ಕೆ 2 ಗ್ರಾಂ ಕೊಟ್ಟ ದೊಡ್ಡ ಪ್ರಯೋಗದಲ್ಲಿ ಇದು 2014ರಲ್ಲಿ ಸ್ಪಷ್ಟವಾಯಿತು. ಇನ್ನೊಂದು ಸೆಲೆನಿಯಂ. ದಿನಕ್ಕೆ ಬೇಕಾದ್ದು 55 ಮೈಕ್ರೋಗ್ರಾಂ. 200 ಮೈಕ್ರೋಗ್ರಾಂ ಅನ್ನು ವರ್ಷಗಟ್ಟಲೆ ತಗೊಂಡವರಲ್ಲಿ, ತಗೊಳ್ಳದವರಿಗಿಂತ ಹೆಚ್ಚು ಜನಕ್ಕೆ ಶುಗರ್ ಬಂತು ಎಂದು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಆ್ಯಂಟಿ ಆಕ್ಸಿಡೆಂಟ್ ಎಂದು ಪ್ರತ್ಯೇಕವಾಗಿ ಮಾರುವ ಮಾತ್ರೆಗಳಲ್ಲಿ ಇಷ್ಟು ಇರುತ್ತದೆ. ಅಗಿಯುವ ಗಮ್ಮಿಗಳಲ್ಲಿ ಸಕ್ಕರೆಯೇ ಇರುವುದು ಸಾಮಾನ್ಯ, ಅದನ್ನೂ ಲೇಬಲ್‌ನಲ್ಲಿ ನೋಡಿ. ಕೂದಲಿಗೆಂದು ಬಯೋಟಿನ್ ತಗೊಳ್ಳುವವರು ರಕ್ತ ಕೊಡುವ ಮೊದಲು ಲ್ಯಾಬಿಗೆ ಹೇಳಿ. ಥೈರಾಯ್ಡ್, ಹೃದಯದ ಟ್ರೋಪೋನಿನ್ ಪರೀಕ್ಷೆಗಳು ತಪ್ಪಾಗಿ ಬರಬಹುದು.

ಪ್ರಶ್ನೆ: ನಮ್ಮ ತಂದೆಗೆ 74 ವರ್ಷ. ಶುಗರ್‌ಗೆ ಪೂರ್ತಿ ನೈಸರ್ಗಿಕ, ಖನಿಜಗಳಿಂದ ಮಾಡಿದ್ದು ಎಂಬ ಒಂದು ಪುಡಿಯನ್ನು ಡಾಕ್ಟರ ಮಾತ್ರೆ ಜೊತೆಗೇ ತಗೊಳ್ಳುತ್ತಿದ್ದಾರೆ. ಒಂದೇ ವಾರದಲ್ಲಿ ಶುಗರ್ 190ರಿಂದ 85ಕ್ಕೆ ಇಳಿಯಿತು. ಮೊನ್ನೆ ಬೆಳಗಿನ ಜಾವ ಬೆವರಿ, ಏನೇನೋ ಮಾತಾಡಿದರು. ಸಕ್ಕರೆ ನೀರು ಕುಡಿದ ಮೇಲೆ ಸರಿಹೋದರು. ಪುಡಿ ಒಳ್ಳೆಯದೇ ಅಲ್ವಾ?

ಉತ್ತರ: ಒಳ್ಳೆಯದಲ್ಲ. ಯಾವ ವಿಟಮಿನ್ನೂ ಯಾವ ಖನಿಜವೂ ಒಂದು ವಾರದಲ್ಲಿ ಶುಗರ್ ಅನ್ನು ಹೀಗೆ ಬೀಳಿಸುವುದಿಲ್ಲ. ಇಂಥ ಪುಡಿಗಳಲ್ಲಿ ಗ್ಲಿಬೆನ್‌ಕ್ಲಮೈಡ್‌ನಂಥ ಶುಗರ್ ಮಾತ್ರೆಯನ್ನು ಹೇಳದೆ ಬೆರೆಸಿದ್ದು ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿದೆ. ತಂದೆಯವರು ಗೊತ್ತಿಲ್ಲದೆ ಎರಡು ಡೋಸ್ ನುಂಗುತ್ತಿರಬಹುದು.

ಪುಡಿ ಈಗಲೇ ನಿಲ್ಲಿಸಿ. ಡಬ್ಬಿ ಮಾತ್ರ ಎಸೆಯಬೇಡಿ, ಡಾಕ್ಟರಿಗೆ ತೋರಿಸಲು ಬೇಕು. ಅವರ ಮಾಮೂಲಿ ಮಾತ್ರೆಯ ಬಗ್ಗೆ ಇವತ್ತೇ ಫೋನ್ ಮಾಡಿ ಕೇಳಿ. ಮತ್ತೆ ಬೆವರು, ನಡುಕ, ತಡಬಡ ಮಾತು ಬಂದರೆ 15 ಗ್ರಾಂ ಸಕ್ಕರೆ, ಅಂದರೆ ಮೂರು ಟೀ ಚಮಚ, ನೀರಿನಲ್ಲಿ ಕರಗಿಸಿ ಕೊಡಿ. 15 ನಿಮಿಷ ಬಿಟ್ಟು ಶುಗರ್ ನೋಡಿ. 70ಕ್ಕಿಂತ ಕೆಳಗೇ ಇದ್ದರೆ ಮತ್ತೊಮ್ಮೆ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಗ್ಲಿಬೆನ್‌ಕ್ಲಮೈಡ್‌ನ ಪ್ರಭಾವ ವಯಸ್ಸಾದವರಲ್ಲಿ ಒಂದು ದಿನಕ್ಕಿಂತಲೂ ಹೆಚ್ಚು ಉಳಿಯಬಹುದು. ಸಕ್ಕರೆ ನೀರಿಗೆ ಸರಿಹೋದರು ಎಂದು ಒಬ್ಬರನ್ನೇ ಮಲಗಲು ಬಿಡಬೇಡಿ. ರಾತ್ರಿ ಎಬ್ಬಿಸಿ ಎರಡು ಮೂರು ಸಲ ಶುಗರ್ ನೋಡಿ.